ಪರವಾಗಿಲ್ಲ ಎಂಬ ಡಬ್ಬಿ

ಹಾಸಿಗೆ ಕಾರ್ಖಾನೆಯಲ್ಲಿ ಅವರು ಎಲ್ಲರಿಗೂ ಅತ್ತೆ. ದಬ್ಬಣ ಹಿಡಿದು ಹೊಲಿಯುವವರಿಗೆ, ಹತ್ತಿ ತುಂಬುವವರಿಗೆ, ಲಾರಿಯ ಡ್ರೈವರಿಗೆ, ಕೊನೆಗೆ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಗೇಟಿನ ಕಾವಲುಗಾರನಿಗೂ ಅತ್ತೆಯೇ. ಆದರೆ ನಿಜವಾದ ಸೊಸೆ ಒಬ್ಬಳೇ. ಅವಳು ಅದೇ ಕಾರ್ಖಾನೆಯ ಮಹಡಿ ಮೇಲಿನ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುತ್ತಿದ್ದಳು. ಊರಿಗೆಲ್ಲ ಅತ್ತೆಯಾದವರು ತನ್ನನ್ನು ಮಾತ್ರ ಯಾಕೆ ಒಪ್ಪಿಕೊಳ್ಳಲಿಲ್ಲ ಎಂಬುದೇ ಮದುವೆಯಾದಂದಿನಿಂದ ಅವಳ ಕೊರಗು.

ಜಗಳವಾಗಿದ್ದರೆ ವಾಸಿಯಿತ್ತು. ಜಗಳವಾಡಿದವರು ರಾಜಿಯಾದರೂ ಆಗುತ್ತಾರೆ. ಇಲ್ಲಿ ಜಗಳವೂ ಇಲ್ಲ, ಮುನಿಸೂ ಇಲ್ಲ, ಇದ್ದದ್ದು ಒಂದೇ ಒಂದು ಮಾತು. ಮದುವೆಗೆ ಮುಂಚೆ ಗಂಡ ಅವಳನ್ನು ಮೊದಲ ಸಲ ಮನೆಗೆ ಕರೆದುಕೊಂಡು ಹೋದಾಗ ಅತ್ತೆ ಟೀ ಕೊಟ್ಟು, ಎರಡು ಮಾತಾಡಿ, ಇವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿರುವಾಗ ಮಗನಿಗೆ ಹೇಳಿದ್ದು ಕಿವಿಗೆ ಬಿದ್ದಿತ್ತು: "ಹುಡುಗಿ ಪರವಾಗಿಲ್ಲ."

ಪರವಾಗಿಲ್ಲ ಎಂಬುದು ಎಂಥ ಮಾತು? ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಹೇಳುವ ಮಾತು. ಅಂಗಡಿಯಲ್ಲಿ ಬೇಕಾದ ಬಣ್ಣ ಸಿಗದಾಗ ಬೇರೆ ಬಣ್ಣ ಎತ್ತಿಕೊಂಡು ಹೇಳುವ ಮಾತು. ಆಮೇಲೆ ಮನೆಗೆ ಸೊಸೆಯಾಗಿ ಬಂದ ಮೇಲೂ ಅದೇ. ಅಡುಗೆ ಮಾಡಿ ಬಡಿಸಿದರೆ ಪರವಾಗಿಲ್ಲ. ಹೊಸ ಬಟ್ಟೆ ಉಟ್ಟು ಎದುರು ನಿಂತರೆ ಪರವಾಗಿಲ್ಲ. ಅತ್ತೆಗೆ ಜ್ವರ ಬಂದಾಗ ರಾತ್ರಿ ಪೂರ್ತಿ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಬೆಳಿಗ್ಗೆ ಕಣ್ಣು ಬಿಟ್ಟ ಅತ್ತೆ ಅವಳ ಕೈ ಹಿಡಿದುಕೊಂಡು ಹೇಳಿದ್ದು, "ನೀನು ಪರವಾಗಿಲ್ಲ ಕಣೇ." ಅವತ್ತು ಸೊಸೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಒಂದೇ ಒಂದು ಸಲ ಹೊಗಳಿಕೆ ಸಿಕ್ಕಿತ್ತು. ಹೊಸದರಲ್ಲಿ ಅವಳು ಪಕ್ಕದ ಮನೆಯ ಮೆಷಿನ್ನು ಕೇಳಿ ತಂದು ಹಾಲಿನ ಕಿಟಕಿಗೆ ಹಳದಿ ಪರದೆ ಹೊಲಿದಿದ್ದಳು. ಅತ್ತೆ ಕೆಲಸದಿಂದ ಬಂದವರು ಪರದೆಯ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ನಿಧಾನವಾಗಿ, "ತುಂಬಾ ಚೆನ್ನಾಗಿದೆ," ಅಂದರು. ಸೊಸೆಗೆ ಸ್ವರ್ಗ ಮೂರೇ ಗೇಣು. ಗಂಡನಿಗೆ ಹೇಳಿದಳು, ಅಮ್ಮನಿಗೆ ಫೋನು ಮಾಡಿ ಹೇಳಿದಳು. ನಾಲ್ಕು ವರ್ಷವಾದರೂ ಆ ಪರದೆ ಬದಲಾಗಲಿಲ್ಲ, ಒಗೆದು ಒಗೆದು ಅದೇ ಕಿಟಕಿಗೆ ತೂಗುಹಾಕುತ್ತಿದ್ದಳು. ಮನಸ್ಸು ಕುಗ್ಗಿದಾಗಲೆಲ್ಲ ಅದರ ಕಡೆ ಒಮ್ಮೆ ನೋಡುತ್ತಿದ್ದಳು.

ಹೀಗಿರುವಾಗ ಕಾರ್ಖಾನೆಯ ಚಿಕ್ಕ ಯಜಮಾನರು ಒಂದು ವಾರದ ತರಬೇತಿಗೆ ಹೋಗಿ ಬಂದರು. ಹೋಗುವಾಗ ಸರಿಯಾಗಿಯೇ ಇದ್ದರು. ಬಂದ ಮೇಲೆ, ಸಂಬಳ ಕೊಟ್ಟರೆ ಸಾಲದು, ಕೆಲಸಗಾರರಿಗೆ ಕೆಲಸದ ಜಾಗ ಎಷ್ಟು ತೃಪ್ತಿ ಕೊಟ್ಟಿದೆ ಎಂದು ಅಳೆಯಬೇಕು ಎಂದು ಹೇಳತೊಡಗಿದರು. ಅವರ ತಂದೆ ದೊಡ್ಡ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಮ್ಮದು ಹಾಸಿಗೆ ಅಳೆಯೋ ಕೆಲಸ ಕಣಪ್ಪಾ. ಕಾಲು ಎಷ್ಟು ಚಾಚಬೇಕು ಅನ್ನೋದು ಅವರವರಿಗೆ ಬಿಟ್ಟದ್ದು," ಅಂದರು. ಚಿಕ್ಕ ಯಜಮಾನರು ಬಿಡಲಿಲ್ಲ. ಕೆಲಸ ಸೊಸೆಯ ಮೇಜಿಗೆ ಬಂತು.

ಕಾಗದ ಕೊಟ್ಟರೆ ಅಕ್ಷರ ಗುರುತು ಹಿಡಿಯುತ್ತಾರೆಂದು ಯಾರೂ ಬರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳೇ ಒಂದು ಉಪಾಯ ಮಾಡಿದಳು. ಹಾಸಿಗೆಗೆ ಕಟ್ಟುವ ಬಟ್ಟೆಗುಂಡಿಗಳು ಕಾರ್ಖಾನೆಯಲ್ಲಿ ಮೂಟೆಗಟ್ಟಲೆ ಬಿದ್ದಿದ್ದವು. ಒಬ್ಬೊಬ್ಬರಿಗೆ ಮೂರು ಗುಂಡಿ. ಕೆಂಪು ಗುಂಡಿ ನಿಮ್ಮ ಮೇಲಿನವರ ಬಗ್ಗೆ, ಅಂದರೆ ಪ್ರತಿ ಹಾಸಿಗೆಯನ್ನೂ ನೋಡಿ ಪಾಸು ಮಾಡುವ ಅತ್ತೆಯ ಬಗ್ಗೆ. ಬಿಳಿ ಗುಂಡಿ ಶೌಚಾಲಯದ ಬಗ್ಗೆ. ನೀಲಿ ಗುಂಡಿ ಸಂಬಳದ ಬಗ್ಗೆ. ಒಂದು ದೊಡ್ಡ ಹಾಸಿಗೆಯನ್ನು ಗೋಡೆಯ ಹಾಗೆ ನಿಲ್ಲಿಸಿ ಅದರ ಮರೆಯಲ್ಲಿ ಐದು ತಗಡಿನ ಡಬ್ಬಿ ಇಡುವುದು, ಯಾರಿಗೆ ಯಾವ ಡಬ್ಬಿ ಸರಿ ಕಾಣುತ್ತದೋ ಅದಕ್ಕೆ ಹಾಕಿ ಹೋಗುವುದು.

ಡಬ್ಬಿಗಳ ಮೇಲಿನ ಮಾತನ್ನು ಬರೆದವಳೂ ಅವಳೇ. ಮೊದಲನೆಯದು ತುಂಬಾ ಚೆನ್ನಾಗಿದೆ, ಎರಡನೆಯದು ಚೆನ್ನಾಗಿದೆ. ಕೊನೆಯ ಎರಡು ಚೆನ್ನಾಗಿಲ್ಲ, ಸ್ವಲ್ಪವೂ ಚೆನ್ನಾಗಿಲ್ಲ. ನಡುವಿನ ಡಬ್ಬಿಗೆ ಏನು ಬರೆಯುವುದು? ಚಿಕ್ಕ ಯಜಮಾನರ ಪುಸ್ತಕದಲ್ಲಿ 'ಸಾಧಾರಣ' ಎಂದಿತ್ತು. ಹಾಗೆ ಯಾರು ಮಾತಾಡುತ್ತಾರೆ? ಯೋಚಿಸುತ್ತ ಕೂತವಳ ಕೈ ತಾನಾಗಿ 'ಪರವಾಗಿಲ್ಲ' ಎಂದು ಬರೆಯಿತು. ಅತ್ತ ಒಳ್ಳೆಯದೂ ಅಲ್ಲ, ಇತ್ತ ಕೆಟ್ಟದ್ದೂ ಅಲ್ಲ ಎಂಬುದಕ್ಕೆ ಅದಕ್ಕಿಂತ ಸರಿಯಾದ ಮಾತಿಲ್ಲ ಎಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರು?

ತನ್ನ ಪಾಲಿನ ಕೆಂಪು ಗುಂಡಿಯನ್ನು ಅವಳು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅತ್ತೆ ತನ್ನನ್ನು ಒಪ್ಪದಿದ್ದರೆ ಏನಂತೆ, ತಾನು ಅತ್ತೆಯನ್ನು ಒಪ್ಪಬಾರದು ಎಂದೇನಿಲ್ಲವಲ್ಲ. ಅದನ್ನು 'ತುಂಬಾ ಚೆನ್ನಾಗಿದೆ' ಡಬ್ಬಿಗೆ ಹಾಕಿ ಬಂದಳು.

ಸಂಜೆ ಆಫೀಸಿನಲ್ಲಿ ಡಬ್ಬಿಗಳನ್ನು ಮೇಜಿನ ಮೇಲೆ ಸುರಿದರು. ನೀಲಿ ಗುಂಡಿಗಳೆಲ್ಲ ಕಟ್ಟಕಡೆಯ ಡಬ್ಬಿಯಲ್ಲಿದ್ದವು. "ಇದು ಎಲ್ಲ ಕಂಪನಿಯಲ್ಲೂ ಹೀಗೇ ಇರುತ್ತೆ," ಎಂದು ಚಿಕ್ಕ ಯಜಮಾನರು ಅವನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು. ಬಿಳಿ ಗುಂಡಿಗಳನ್ನು ನೋಡಿ ಅವರ ಮುಖ ಅರಳಿತು. ಒಂದೂ ಬಿಡದೆ 'ತುಂಬಾ ಚೆನ್ನಾಗಿದೆ' ಡಬ್ಬಿಗೆ ಬಿದ್ದಿದ್ದವು.

"ನೋಡಿದ್ರಾ? ಹೊಸ ಟಾಯ್ಲೆಟ್ ಕಟ್ಟಿಸಬೇಕು ಅಂತ ಅಪ್ಪ ಸುಮ್ಮನೆ ತಲೆ ಕೆಡಿಸಿಕೊಂಡಿದ್ರು. ಜನಕ್ಕೆ ಇರೋದೇ ಇಷ್ಟ," ಅಂದರು. ಎತ್ತು ಈಯಿತು ಅಂದರೆ ಕರು ಕಟ್ಟಿಹಾಕು ಅನ್ನುವ ಪೈಕಿ ಅವರು.

ಕೊನೆಗೆ ಕೆಂಪು ಗುಂಡಿಗಳನ್ನು ಎಣಿಸಿದರು. ಸೊಸೆ ಹಾಕಿದ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಡುವಿನ ಡಬ್ಬಿಯಲ್ಲಿ. ಪರವಾಗಿಲ್ಲ, ಪರವಾಗಿಲ್ಲ, ಪರವಾಗಿಲ್ಲ.

ಸೊಸೆಯ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ, ಒಂದು ಸಣ್ಣ ಸಮಾಧಾನ. ಹಾಗಾದರೆ ನಾನೊಬ್ಬಳೇ ಅಲ್ಲ, ಕೆಲಸದವರಿಗೂ ಅತ್ತೆಯ ಮೇಲೆ ಅಷ್ಟಕ್ಕಷ್ಟೇ. ಮರುಗಳಿಗೆಯಲ್ಲೇ ಚಿಕ್ಕ ಯಜಮಾನರು ಬಾಯಿ ತೆಗೆದರು, ಸಮಾಧಾನ ಹಾರಿಹೋಯಿತು.

"ಐದಕ್ಕೆ ಮೂರು. ನಾಲ್ಕಕ್ಕಿಂತ ಕಡಿಮೆ ಬಂದವರನ್ನ ಜನರ ಮೇಲೆ ಇಡಬಾರದು ಅಂತ ತರಬೇತೀಲಿ ಹೇಳಿಕೊಟ್ಟಿದ್ದಾರೆ. ಅತ್ತೆಯವರನ್ನ ಗೋಡೌನಿಗೆ ಹಾಕೋಣ. ಮೂಟೆ ಎಣಿಸೋ ಕೆಲಸ, ಆರಾಮಾಗಿರ್ತಾರೆ. ನಾಳೆ ಊಟದ ಹೊತ್ತಿಗೆ ನಾನೇ ಕರೆದು ಹೇಳ್ತೀನಿ. ನನಗೂ ಕಷ್ಟವೇ. ಚಿಕ್ಕವನಿದ್ದಾಗ ಅವರ ಹತ್ತಿ ರಾಶಿ ಮೇಲೇ ಮಲಗಿ ಬೆಳೆದವನು ನಾನು."

ಗೋದಾಮಿನಲ್ಲಿ ಮನುಷ್ಯರಿರಲಿಲ್ಲ. ಮೂಟೆ, ಇಲಿ, ಒಂದು ಟ್ಯೂಬ್‌ಲೈಟು. ದಿನವೆಲ್ಲ ನಲವತ್ತು ಜನರ ಗಲಾಟೆಯ ನಡುವೆ ಬದುಕಿದ ಹೆಂಗಸು ಅಲ್ಲಿ ಒಂದು ತಿಂಗಳು ಬಾಳುವುದಿಲ್ಲ ಎಂದು ಸೊಸೆಗೆ ಅನ್ನಿಸಿತು.

ಮನೆಗೆ ಹೋದರೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದರು. ದಬ್ಬಣ ಹಿಡಿದೂ ಹಿಡಿದೂ ಆ ಹೆಬ್ಬೆರಳು ಸ್ವಲ್ಪ ಚಪ್ಪಟೆಯಾಗಿತ್ತು.

"ಗುಂಡಿ ಎಣಿಸಿ ಆಯ್ತಾ?"

"ಹೂಂ ಅತ್ತೆ."

"ನನಗೆ ಏನ್ ಬಂತು?"

"ನಾಳೆ ಅವರೇ ಹೇಳ್ತಾರಂತೆ."

ಅತ್ತೆ ಎಣ್ಣೆ ಬಟ್ಟಲಿನ ಮುಚ್ಚಳ ಹಾಕಿದರು. "ಎಷ್ಟು ಜನರ ಹೊಲಿಗೆ ಬಿಚ್ಚಿಸಿದ್ದೀನಿ ನಾನು. ಹೊಟ್ಟೆ ಉರಿ ಇಲ್ದೆ ಇರುತ್ತಾ? ಒಬ್ಬರಾದ್ರೂ ಒಳ್ಳೇ ಮಾತು ಹೇಳಿದ್ರೆ ಸಾಕು," ಎಂದು ಎದ್ದು ಹೋದರು.

ಸೊಸೆಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು. ಆ ರಾತ್ರಿ ಅವಳು ತನ್ನ ನಾಲ್ಕು ವರ್ಷದ ಕೊರಗನ್ನು ಮರೆತೇಬಿಟ್ಟಳು. ಹೇಗಾದರೂ ಇವರನ್ನು ಗೋದಾಮಿಗೆ ಹಾಕದ ಹಾಗೆ ಮಾಡಬೇಕಲ್ಲ ಎಂಬುದೊಂದೇ ಯೋಚನೆ.

ಮರುದಿನ ಊಟದ ಗಂಟೆಗೆ ಮುಂಚೆ ಅವಳು ಕೆಳಗಿಳಿದಳು. ಯಜಮಾನರು ಕರೆಯುವ ಮೊದಲು ತಾನೇ ಹೇಳಿಬಿಡೋಣ, ಪರರ ಬಾಯಿಂದ ಕೇಳುವುದಕ್ಕಿಂತ ಮನೆಯವಳ ಬಾಯಿಂದ ಕೇಳಲಿ ಎಂದು. ಆಫೀಸಿನವರು ಕೆಳಗೆ ಬರುತ್ತಿದ್ದದ್ದೇ ಅಪರೂಪ, ಹತ್ತಿಯ ಧೂಳಿಗೆ ಸೀನು ಬರುತ್ತದೆ ಎಂದು. ಅವಳೂ ಅಲ್ಲಿ ನಿಂತು ಕೆಲಸ ನೋಡಿದವಳಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಅತ್ತೆ ಆಗಷ್ಟೇ ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ್ದರು. ಹೊಲಿದವಳು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅತ್ತೆ ಎದ್ದರು, ಅಂಚಿನ ಮೇಲೆ ಕೈಯಾಡಿಸಿದರು, "ಚೆನ್ನಾಗಿದೆ," ಅಂದರು. ಅವಳು ಮರುಮಾತಾಡದೆ ಕತ್ತರಿ ತೆಗೆದುಕೊಂಡು ಕೂತು ಒಂದು ಬದಿಯ ಹೊಲಿಗೆ ಬಿಚ್ಚತೊಡಗಿದಳು.

ಸೊಸೆಗೆ ಏನೂ ಅರ್ಥವಾಗಲಿಲ್ಲ. ಅತ್ತೆ ಮುಂದಿನ ಹಾಸಿಗೆಗೆ ಹೋದರು. ಅದರ ಮೇಲೆ ಕೂತದ್ದೂ ಎದ್ದದ್ದೂ ಒಂದೇ ಆಯಿತು. "ತುಂಬಾ ಚೆನ್ನಾಗಿದೆ," ಅಂದರು. ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಹೊಲಿದ ಗಂಡಸು ಕಿವಿ ಕೆಂಪು ಮಾಡಿಕೊಂಡು ಹಾಸಿಗೆಯನ್ನು ಸುತ್ತಿ ಹೆಗಲ ಮೇಲೆ ಹೊತ್ತು ಹತ್ತಿ ರಾಶಿಯ ಕಡೆಗೆ ನಡೆದ, ಮೊದಲಿಂದ ತುಂಬುವುದಕ್ಕೆ.

ಮೂರನೆಯ ಹಾಸಿಗೆಯ ಮೇಲೆ ಅತ್ತೆ ತುಂಬ ಹೊತ್ತು ಮಲಗಿದರು. ಎದ್ದು ಅದನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟಿ, "ಪರವಾಗಿಲ್ಲ," ಅಂದರು. ಹೊಲಿದ ಹುಡುಗಿಯ ಮುಖ ಬೆಳಗಿತು. ಅಕ್ಕಪಕ್ಕದವರು ಅವಳ ಭುಜ ಕುಲುಕಿದರು, ಇವತ್ತಿನ ಟೀ ನಿನ್ನದೇ ಎಂದು ಕೂಗಿದರು.

ಸೊಸೆ ಪಕ್ಕದಲ್ಲಿದ್ದ ಉದ್ದನೆಯ ಬಡಕಲು ಹೆಂಗಸಿನ ತೋಳು ಹಿಡಿದಳು. ಎಲ್ಲರೂ ದಬ್ಬಣ ಎಂದೇ ಕರೆಯುತ್ತಿದ್ದ ಹಳೆಯ ಹೊಲಿಗೆಯವಳು ಅವಳು.

"ಇದೇನಕ್ಕ ಇದು?"

"ಏನು ಇದೇನು? ನಿಮ್ಮ ಅತ್ತೆ ಬಾಯಲ್ಲಿ ಪರವಾಗಿಲ್ಲ ಬರ್ಸೋಕೆ ನಂಗೆ ಎರಡು ವರ್ಷ ಹಿಡೀತು. ಇವಳು ಎಂಟೇ ತಿಂಗಳಿಗೆ ಬರ್ಸಿದ್ಳು."

"ಮತ್ತೆ ಚೆನ್ನಾಗಿದೆ ಅಂದ್ರೆ?"

"ಬಿಚ್ಚು ಅಂತ. ಕೆಟ್ಟದಾಗಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋಕೆ ಅತ್ತೆಗೆ ಬಾಯಿ ಬರಲ್ಲ, ಪಾಪ. ಅದಕ್ಕೇ ಚೆನ್ನಾಗಿದೆ ಅಂತಾರೆ, ನಾವು ಬಿಚ್ತೀವಿ. ತುಂಬಾ ಚೆನ್ನಾಗಿದೆ ಅಂದ್ರೆ ಮುಗೀತು ಕಥೆ." ದಬ್ಬಣ ನಕ್ಕಳು. "ನಿನ್ನೆ ಡಬ್ಬಿ ಮೇಲೆ ಬರೆದದ್ದು ನೋಡಿ ನಮಗೆಲ್ಲ ಎಷ್ಟು ಖುಷಿ ಆಯ್ತು ಗೊತ್ತಾ? ಆಫೀಸಿನವರಿಗೂ ನಮ್ಮ ಭಾಷೆ ಬಂತಲ್ಲ ಅಂತ. ಅತ್ತೆ ಮನೆ ಸೊಸೇನೇ ಬರೆದಿರೋದು, ತಪ್ಪಿರಲ್ಲ ಅಂದ್ಕೊಂಡು ಕಣ್ಣು ಮುಚ್ಚಿ ಹಾಕಿದ್ವಿ."

ಸೊಸೆ ಅಲ್ಲೇ ಇದ್ದ ಹತ್ತಿ ಮೂಟೆಯ ಮೇಲೆ ಕೂತಳು. ಹುಡುಗಿ ಪರವಾಗಿಲ್ಲ. ಅಡುಗೆ ಪರವಾಗಿಲ್ಲ. ಜ್ವರದ ಮರುದಿನ ಬೆಳಿಗ್ಗೆ ಕೈ ಹಿಡಿದುಕೊಂಡು, ನೀನು ಪರವಾಗಿಲ್ಲ ಕಣೇ. ಇಲ್ಲಿಯವರು ಎರಡು ವರ್ಷ ಕಾದು ಒಂದು ಸಲ ಪಡೆಯುವುದನ್ನು ಅವಳಿಗೆ ಮೊದಲ ದಿನವೇ, ಚಪ್ಪಲಿ ಹಾಕಿಕೊಳ್ಳುವುದರೊಳಗೆ ಕೊಟ್ಟಿದ್ದರು. ಅವಳು ಅದನ್ನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ತೊಳೆದುಕೊಂಡಿದ್ದಳು. ಎಂಥ ಪೆದ್ದಿ ನಾನು ಎಂದು ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ತಲೆ ಎತ್ತಿ ನೋಡಿದರೆ ಅತ್ತೆ ಇರಲಿಲ್ಲ. "ಮೇಲಿಂದ ಕರೆ ಬಂತು, ಈಗಷ್ಟೇ ಹೋದ್ರು," ಅಂದಳು ದಬ್ಬಣ. ಸೊಸೆ ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲು ಹತ್ತಿದಳು.

ಚಿಕ್ಕ ಯಜಮಾನರು ಮಾತು ಶುರುಮಾಡಿ ಆಗಿತ್ತು. ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಉರುಳಿಸುತ್ತಿದ್ದರು.

"ತಪ್ಪು ತಿಳೀಬೇಡಿ ಅತ್ತೆ. ಇದು ನಾನು ಹೇಳ್ತಿರೋದಲ್ಲ, ಜನರು ಹೇಳಿರೋದು. ನಿಮ್ಮ ಬಗ್ಗೆ ಅವರೆಲ್ಲ ಪರವಾಗಿಲ್ಲ ಅಂತ ಹಾಕಿದ್ದಾರೆ."

ಅತ್ತೆ ಅವರನ್ನೇ ನೋಡಿದರು. "ಎಲ್ಲರೂನಾ?"

"ಹೆಚ್ಚುಕಡಿಮೆ ಎಲ್ಲರೂ."

"ಪರವಾಗಿಲ್ಲ ಅಂತ?"

"ಹೌದು ಅತ್ತೆ, ಏನು ಮಾಡೋದು."

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಅಷ್ಟು ವರ್ಷದಲ್ಲಿ ಯಜಮಾನರ ಮುಂದೆ ಅವರು ಕೂತದ್ದು ಅದೇ ಮೊದಲು. ಮುಖವನ್ನು ತೋಳಿನಿಂದ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಕಣ್ಣೀರು ನಿಲ್ಲಲಿಲ್ಲ. ಚಿಕ್ಕ ಯಜಮಾನರು ಗಾಬರಿಯಾಗಿ ನೀರಿನ ಲೋಟ ಮುಂದೆ ಸರಿಸಿದರು. ಗೋದಾಮಿನ ಮಾತು ಅವರ ಗಂಟಲಲ್ಲೇ ಉಳಿಯಿತು.

"ಯಾರೂ ಒಂದಿನ ಬಾಯಿ ಬಿಟ್ಟು ಹೇಳಿರ್ಲಿಲ್ಲ," ಅಂದರು ಅತ್ತೆ. "ಅಷ್ಟು ಗೋಳು ಹೊಯ್ಕೊಂಡಿದ್ದೀನಿ ಅವರನ್ನ. ಪರವಾಗಿಲ್ಲ ಅಂದ್ರಾ? ಇಷ್ಟು ಸಾಕಪ್ಪಾ ನಂಗೆ. ಇನ್ನೇನೂ ಬೇಡ." ಆಮೇಲೆ ಏನೋ ನೆನಪಾಗಿ ತಲೆ ಎತ್ತಿದರು. "ಹೆಚ್ಚುಕಡಿಮೆ ಅಂದ್ರಲ್ಲ, ಯಾರು ಹಾಕಿಲ್ಲ?"

"ಒಬ್ಬರು ಮಾತ್ರ ತುಂಬಾ ಚೆನ್ನಾಗಿದೆ ಅಂತ ಹಾಕಿದ್ದಾರೆ," ಎಂದು ಚಿಕ್ಕ ಯಜಮಾನರು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು.

ಅತ್ತೆಯ ಮುಖ ಕಪ್ಪಿಟ್ಟಿತು. "ಯಾರದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾಗಿಲಲ್ಲಿ ನಿಂತಿದ್ದ ಸೊಸೆ ತನ್ನ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಒಳಗೆ ಬಂದು ಯಜಮಾನರಿಗೆ ಹೇಳಿದಳು: ಸಾರ್, ತಪ್ಪಾಗಿರುವುದು ಡಬ್ಬಿಯಲ್ಲಿ, ನನ್ನ ಬರಹದಲ್ಲಿ. ಕೆಳಗೆ ಯಾವ ಮಾತಿಗೆ ಯಾವ ಅರ್ಥ ಎಂದು ಕಂಡದ್ದನ್ನೆಲ್ಲ ಬಿಡಿಸಿ ಹೇಳಿದಳು. ಅತ್ತೆಗೆ ಅದರಲ್ಲಿ ಬಿಡಿಸಿ ಹೇಳುವಂಥದ್ದೇನಿದೆ ಎಂದೇ ತಿಳಿಯಲಿಲ್ಲ. ಚಿಕ್ಕ ಯಜಮಾನರು ಕೇಳುತ್ತ ಕೇಳುತ್ತ ಪೆನ್ನು ಉರುಳಿಸುವುದನ್ನು ನಿಲ್ಲಿಸಿದರು.

"ಅಂದ್ರೆ ಪರವಾಗಿಲ್ಲ ಅನ್ನೋದು ಐದಕ್ಕೆ ಐದು?"

"ಹೌದು ಸಾರ್."

"ಹಾಗಾದ್ರೆ ಬಿಳಿ ಗುಂಡಿ? ಟಾಯ್ಲೆಟ್?"

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಗಂಭೀರವಾಗಿ, "ತುಂಬಾ ಚೆನ್ನಾಗಿದೆ," ಅಂದರು.

ಚಿಕ್ಕ ಯಜಮಾನರು ಎದ್ದು ಕೆಳಗೆ ಹೋದರು. ಬೇಗ ವಾಪಸು ಬಂದರು, ಮೂಗಿನ ಮೇಲೆ ಕರವಸ್ತ್ರವಿತ್ತು. ಸಂಜೆಯೊಳಗೆ ಗಾರೆ ಕೆಲಸದವನಿಗೆ ಫೋನು ಹೋಯಿತು. ಗೋದಾಮಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಸಂಬಳದ ವಿಷಯದಲ್ಲಿ ಮಾತ್ರ ಕೆಲಸಗಾರರು ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ಹೇಳಿದ್ದರು. ಅದು ಇನ್ನೂ ಪರಿಶೀಲನೆಯಲ್ಲಿದೆ.

ಆ ಸಂಜೆ ಸೊಸೆ ಮನೆಗೆ ಬಂದವಳೇ ಸ್ಟೂಲು ಹಾಕಿಕೊಂಡು ಹಾಲಿನ ಹಳದಿ ಪರದೆಯನ್ನು ಇಳಿಸಿದಳು. ನೆಲದ ಮೇಲೆ ಹಾಸಿ ನೋಡಿದಳು. ಒಂದು ಕಡೆ ಎರಡು ಬೆರಳು ಗಿಡ್ಡವಿತ್ತು. ಅಂಚಿನ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ಹೋಗಿತ್ತು. ನಾಲ್ಕು ವರ್ಷ ತಾನು ಇದನ್ನೇ ನೋಡಿ ಮನಸ್ಸು ತಂಪು ಮಾಡಿಕೊಂಡಿದ್ದು ಎಂದು ಅವಳಿಗೆ ನಾಚಿಕೆಯಾಯಿತು.

ಅತ್ತೆ ಟೀ ತಂದವರು ಖಾಲಿ ಕಿಟಕಿ ನೋಡಿದರು. "ಅದನ್ಯಾಕೆ ತೆಗೆದೆ?"

"ಒಂದು ಕಡೆ ಗಿಡ್ಡ ಇದೆ ಅತ್ತೆ."

"ಗೊತ್ತು."

"ಗೊತ್ತಿದ್ದೂ ಇಷ್ಟು ವರ್ಷ ಸುಮ್ನಿದ್ರಾ?"

"ಎಲ್ಲಿ ಸುಮ್ನಿದ್ದೆ? ಆವತ್ತೇ ಹೇಳಿದ್ನಲ್ಲ. ನೀನು ಬಿಚ್ಚೋದು ಬಿಟ್ಟು ಕುಣಿದಾಡಿಬಿಟ್ಟೆ. ನಿಮ್ಮಮ್ಮನಿಗೆ ಫೋನ್ ಬೇರೆ ಮಾಡಿದೆ. ಅಷ್ಟು ಖುಷಿಯಾಗಿದ್ದವಳಿಗೆ ಆಮೇಲೆ ಹೇಗೆ ಹೇಳ್ಲಿ?" ಅತ್ತೆ ಟೀ ಕೆಳಗಿಟ್ಟರು. "ಆ ಒಂದು ಕೆಂಪು ಗುಂಡಿ ನಿಂದೇ ಅಲ್ವಾ?"

"ಹೂಂ."

"ಅಂದ್ಕೊಂಡೆ. ಕೆಳಗಿನವರು ಅಷ್ಟು ಕಟುಕರಲ್ಲ."

ಇಬ್ಬರೂ ನಕ್ಕರು. ನಗುತ್ತಲೇ ಸೊಸೆ ಪರದೆಯನ್ನು ಮತ್ತೊಮ್ಮೆ ನೋಡಿದಳು. ಹತ್ತಿಯಲ್ಲಿ ಸಾಸಿವೆಯಷ್ಟು ಗಂಟಿದ್ದರೂ ಬೆನ್ನಿನಲ್ಲೇ ಪತ್ತೆಹಚ್ಚಿ ಬಿಚ್ಚಿಸುವ ಹೆಂಗಸು, ದಿನಾ ಸಂಜೆ ಈ ಸೊಟ್ಟ ಪರದೆಯ ಎದುರಿಗೇ ಕೂತು ಟೀ ಕುಡಿದಿದ್ದರು, ಸೊಸೆಯ ಖುಷಿ ಕೆಡಬಾರದೆಂದು.

ಅವಳು ಹಳೆಯ ಹೊಲಿಗೆಯನ್ನು ಬಿಚ್ಚಿದಳು. ಅಂಚನ್ನು ಅಳೆದು ಮಡಚಿ, ಸೂಜಿದಾರ ಹಿಡಿದು ಕೂತು, ಗಂಡ ಕೆಲಸದಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಹೊಲಿದು ಮುಗಿಸಿದಳು. ಕಿಟಕಿಗೆ ಹಾಕಿ ದೂರ ಸರಿದು ನಿಂತಳು. ಅತ್ತೆ ಕನ್ನಡಕ ಏರಿಸಿಕೊಂಡು ಬಂದರು. ಬಗ್ಗಿ ಅಂಚು ಹಿಡಿದರು, ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳು ಆಡಿಸಿದರು. ಸೊಸೆ ಉಸಿರು ಬಿಗಿಹಿಡಿದಳು.

"ಚೆನ್ನಾಗಿದೆ," ಅಂದರು ಅತ್ತೆ.

ಸೊಸೆ ಮರುಮಾತಾಡದೆ ಕತ್ತರಿ ತೆಗೆದುಕೊಂಡು ಕೂತಳು. ಬಿಚ್ಚುತ್ತ ಬಿಚ್ಚುತ್ತ ಅವಳ ಎದೆ ತುಂಬಿ ಬಂತು. ನೆಂಟರ ಮನೆಯ ಹುಡುಗಿಯಾಗಿದ್ದರೆ ಇನ್ನೂ ನಾಲ್ಕು ವರ್ಷ ಸೊಟ್ಟ ಪರದೆಯನ್ನೇ ನೋಡಿಕೊಂಡಿರುತ್ತಿದ್ದರು. ಬಿಚ್ಚು ಅನ್ನಬೇಕಾದರೆ ತಮ್ಮವಳಾಗಿರಬೇಕು. ಅತ್ತೆ ಪಕ್ಕದಲ್ಲೇ ಕೂತು ಇನ್ನೊಂದು ತುದಿಯಿಂದ ದಾರ ಎಳೆಯತೊಡಗಿದರು.

ಮುಖ ಒರೆಸಿಕೊಳ್ಳುತ್ತ ಬಂದ ಗಂಡ ಇಬ್ಬರನ್ನೂ ನೋಡಿದ. "ಅಮ್ಮ ಚೆನ್ನಾಗಿದೆ ಅಂದ್ರಲ್ಲ, ಮತ್ಯಾಕೆ ಬಿಚ್ತಾ ಇದ್ದೀರಿ?"

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

"ಯಾಕೆ ಗೊತ್ತಾಗಲ್ಲ? ಅಮ್ಮ ಸುಮ್ಸುಮ್ನೆ ಹೊಗಳೋರಲ್ಲ," ಅಂದ ಅವನು ಹೆಮ್ಮೆಯಿಂದ. "ಸ್ಕೂಲಲ್ಲಿದ್ದಾಗ ನನ್ನ ಮಾರ್ಕ್ಸ್ ಕಾರ್ಡ್ ನೋಡಿದಾಗೆಲ್ಲ ಚೆನ್ನಾಗಿದೆ ಅಂತಾನೇ ಅಂತಿದ್ರು."

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಅವನಿಗೆ ಹೇಳುವುದು ಬೇಡ ಎಂದು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡು ಮತ್ತೆ ಹೊಲಿಗೆ ಬಿಚ್ಚುವುದಕ್ಕೆ ಬಗ್ಗಿದರು.